ಸಾಗರ ಪೇಟೆಯ ಊಟದ ಹೋಟೆಲು ಮತ್ತು ಅಲ್ಲಿನ ಮಾಣಿಗಳು

ಹವ್ಯಕರ ಮನೆಗಳಲ್ಲಿ ಹುಡುಗನನ್ನೂ ಉಪನಯನವಾದ ವಟುವನ್ನೂ ಕರೆಯುವ ‘ಮಾಣಿ’ ಎಂಬ ಮಾತು ಮಲೆನಾಡು, ಕರಾವಳಿಯ ಹೋಟೆಲುಗಳಲ್ಲಿ ಊಟ-ತಿಂಡಿ ತಂದುಕೊಡುವ ಸಹಾಯಕನ ಹೆಸರಾಗಿದೆ. ತಲೆ ನರೆತವರೂ ಅಲ್ಲಿ ಮಾಣಿಗಳೇ. ಸಾಗರ ಪೇಟೆಯ ಈ ಸಣ್ಣ ಹೋಟೆಲಿನ ನಿಜವಾದ ಆಕರ್ಷಣೆ ಅವರು. ಬಾಳೆಲೆಯ ತುದಿ ಎಡಕ್ಕೆ ಬರುವಂತೆ ಹಾಸಿ, ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿಯನ್ನು ಲೋಟಕ್ಕೆ ಬಗ್ಗಿಸಿ, ಕೇಳುವ ಮೊದಲೇ ಮತ್ತೆ ಅನ್ನ ತರುವ ಹಿರಿಯ ಮಾಣಿಯೊಬ್ಬರು ಎಲ್ಲರ ಲೆಕ್ಕವನ್ನೂ ಚೀಟಿಯಿಲ್ಲದೆ ಗಲ್ಲಾದವರಿಗೆ ಕೂಗಿ ಹೇಳುತ್ತಾರೆ. ಊರಿನವರು ಅವರನ್ನು ‘ಭಟ್ರೇ’ ಎಂದೇ ಮಾತನಾಡಿಸುತ್ತಾರೆ, ಅದೇ ಸರಿ. ಪಲ್ಯ ಸಾಧಾರಣ. ಜನ ಹೆಚ್ಚಾದಾಗ ಮೇಜು ಒರೆಸುವ ಕೆಲಸವೂ ಇವರ ಮೇಲೆಯೇ ಬೀಳುವುದರಿಂದ ಮಜ್ಜಿಗೆ ಬರುವಷ್ಟರಲ್ಲಿ ಕೈ ಒಣಗಿರುತ್ತದೆ. ಮಾಲೀಕರು ಕ್ಲೀನರ್ ಒಬ್ಬನನ್ನು ಇಟ್ಟುಕೊಳ್ಳಬೇಕು.