ಹಳೇ ಫೋರ್ ಬೈ ಫೋರ್ ಜೊತೆ ಮೂರು ವರ್ಷ: ಸ್ಟೀರಿಂಗ್ ನಡುಕ, ಬೆಳಗಿನ ಸ್ಟಾರ್ಟಿಂಗ್ ತೊಂದರೆ

ಈ ಸೆಕೆಂಡ್ ಹ್ಯಾಂಡ್ ಗಾಡಿ ನನ್ನ ಕೈಗೆ ಬಂದು ಮೂರು ವರ್ಷವಾಯಿತು. ಟರ್ಬೊ ಡೀಸೆಲ್ ಎಂಜಿನ್, ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ದಂಡ), ಕಾಯಿಲ್ ಸ್ಪ್ರಿಂಗ್. ಹಿಂದಿನ ಮಾಲೀಕರು ಸ್ಪ್ರಿಂಗ್ ಬದಲಿಸಿ 2 ಇಂಚು ಎತ್ತರಿಸಿದ್ದರು. ಕೆಸರು, ಕಲ್ಲು, ಕಡಿದಾದ ಏರು, ಯಾವುದಕ್ಕೂ ಇದು ಹಿಂಜರಿದಿಲ್ಲ. ಆದರೆ ಮೊದಲ ವರ್ಷ ಎರಡು ತೊಂದರೆಗಳು ತುಂಬಾ ಕಾಡಿದವು.

ಮೊದಲು ಸ್ಟೀರಿಂಗ್ ವಿಷಯ. 60 ಕಿ.ಮೀ. ವೇಗದಲ್ಲಿ ಚಕ್ರ ಒಂದು ಸಣ್ಣ ಗುಂಡಿಗೆ ಬಿದ್ದರೂ ಸಾಕು, ಮುಂಭಾಗವೆಲ್ಲ ಗಡಗಡ ನಡುಗುತ್ತಿತ್ತು. ವೇಗ ಇಳಿಸುವವರೆಗೂ ನಿಲ್ಲುತ್ತಿರಲಿಲ್ಲ. ನಿಜಕ್ಕೂ ಭಯವಾಗುತ್ತಿತ್ತು. ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ಗೆ ಇರುವ ಶಾಕ್ ಅಬ್ಸಾರ್ಬರ್) ಹೋಗಿದೆ ಎಂದರು ಗ್ಯಾರೇಜಿನವರು, ಹೊಸದು ಹಾಕಿಸಿದೆ. ಎರಡು ವಾರ ಸುಮ್ಮನಿತ್ತು, ಮತ್ತೆ ಶುರುವಾಯಿತು. ಡ್ಯಾಂಪರ್ ನಡುಕವನ್ನು ಅದುಮಿಡುತ್ತದೆ ಅಷ್ಟೇ, ನಡುಕ ಹುಟ್ಟುವ ಜಾಗ ಬೇರೆ.

ಆ ಜಾಗ ಹುಡುಕಲು ಗಾಡಿಯನ್ನು ಜಾಕ್ ಮೇಲೆ ಎತ್ತಬೇಡಿ. ಚಕ್ರದ ಮೇಲೆ ಭಾರ ಇದ್ದರೇ ಸಡಿಲ ಕಾಣುವುದು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆನ್ ಮಾಡಿ. ಒಬ್ಬರು ಒಳಗೆ ಕೂತು ಸ್ಟೀರಿಂಗ್ ಅನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಕೆಳಗೆ ಬಗ್ಗಿ ಒಂದೊಂದೇ ಜಾಯಿಂಟ್ ನೋಡಿ. ಕೈ ಹಾಕಬೇಡಿ, ಕಣ್ಣಲ್ಲೇ ನೋಡಿ. ನನ್ನ ಗಾಡಿಯಲ್ಲಿ ಟೈ ರಾಡ್ ಎಂಡ್‌ಗಳೆಲ್ಲ (ಚಕ್ರಗಳನ್ನು ತಿರುಗಿಸುವ ರಾಡಿನ ತುದಿಯ ಜಾಯಿಂಟ್‌ಗಳು) ಗಟ್ಟಿಯಾಗಿದ್ದವು. ಅಲುಗುತ್ತಿದ್ದದ್ದು ಆಕ್ಸಲ್ ಅನ್ನು ಅಡ್ಡಲಾಗಿ ಚಾಸಿಗೆ ಹಿಡಿದಿಡುವ ಪ್ಯಾನಾರ್ಡ್ ರಾಡ್. ಅದರ ಬೋಲ್ಟ್ ಬಿಗಿಯಾಗೇ ಇತ್ತು, ಆದರೆ ಬೋಲ್ಟ್ ಕೂರುವ ತೂತು ಸವೆದು ಮೊಟ್ಟೆಯಂತಾಗಿತ್ತು! ಬರೀ ಸ್ಪ್ಯಾನರ್ ಹಾಕಿ ನೋಡಿದವರಿಗೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ? ವೆಲ್ಡ್ ಮಾಡಿಸಿ, ಸರಿಯಾದ ಅಳತೆಗೆ ಕೊರೆಸಿ, ಹೊಸ ಬುಷ್ (ಜಾಯಿಂಟ್ ಒಳಗೆ ಕೂರುವ ರಬ್ಬರ್ ತೋಳು) ಹಾಕಿಸಿದೆ. ಆಮೇಲೆ ಒಮ್ಮೆಯೂ ನಡುಗಿಲ್ಲ.

ಸ್ಟೀರಿಂಗ್‌ನಲ್ಲಿ ಇನ್ನೊಂದು ಸಣ್ಣ ಕಾಟವೂ ಇತ್ತು: ತಿರುವು ಮುಗಿದ ಮೇಲೆ ಅದು ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಗಾಡಿ ಎತ್ತರಿಸಿದಾಗ ಕ್ಯಾಸ್ಟರ್ ಕೋನ, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿತ್ತು. ಅದನ್ನು ಸರಿಪಡಿಸುವ ಬುಷ್ ಹಾಕಿಸಿದ ಮೇಲೆ ಅದೂ ಹೋಯಿತು.

ಇನ್ನು ಎಂಜಿನ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸುಸ್ತಾಗುತ್ತಿತ್ತು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆ ಇಲ್ಲ. ಡೀಸೆಲ್ ಪಂಪ್ ಬಿಚ್ಚಬೇಕು ಎಂದರು ಗ್ಯಾರೇಜಿನವರು, ನಾನು ಒಪ್ಪಲಿಲ್ಲ. ಏಕೆಂದರೆ ಒಂದು ವಿಷಯ ಗಮನಿಸಿದ್ದೆ: ಮೂತಿ ಏರಿನ ಕಡೆ ಇಟ್ಟು ನಿಲ್ಲಿಸಿದ ದಿನ ತೊಂದರೆ ಜಾಸ್ತಿ, ಇಳಿಜಾರಿನ ಕಡೆ ಇಟ್ಟ ದಿನ ಕಡಿಮೆ. ಅಂದರೆ ಡೀಸೆಲ್ ಹಿಂದಿನ ಟ್ಯಾಂಕಿಗೆ ವಾಪಸ್ ಇಳಿದು ಹೋಗುತ್ತಿದೆ. ಪಂಪಿಗೆ ಹೋಗುವ ಲೈನಿನಲ್ಲಿ ಒಂದು ತುಂಡು ಪಾರದರ್ಶಕ ಪೈಪ್ ಜೋಡಿಸಿ ನೋಡಿದೆವು. ಗುಳ್ಳೆಗಳು ಸಾಲಾಗಿ ಬಂದವು. ಟ್ಯಾಂಕ್ ಹತ್ತಿರ ಕ್ಲಿಪ್ ಅಡಿಯಲ್ಲಿ ರಬ್ಬರ್ ಪೈಪ್ ಕೂದಲೆಳೆಯಷ್ಟು ಸೀಳಿತ್ತು. ಅದು ಡೀಸೆಲ್ ಎಳೆದುಕೊಳ್ಳುವ ಕಡೆ ಇರುವುದರಿಂದ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಪೈಪ್ ಬದಲಿಸಿ ಗಾಳಿ ತೆಗೆದದ್ದೇ ತಡ, ಅರ್ಧ ಸುತ್ತಿಗೇ ಸ್ಟಾರ್ಟ್!

ಕಳೆದ ವರ್ಷ ಏರಿನಲ್ಲಿ ಪಿಕಪ್ ಕಡಿಮೆಯಾಗಿ ಕಪ್ಪು ಹೊಗೆ ಬಂತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಹೋಸ್ ಬಿರಿದಿತ್ತು, ಬದಲಿಸಿದೆ. ಅಷ್ಟೇ.

ಇವತ್ತಿಗೂ ನನಗೆ ಈ ಗಾಡಿ ತುಂಬಾ ಇಷ್ಟ, ಮಾರುವ ಯೋಚನೆಯೇ ಇಲ್ಲ. ನೀವು ಇಂಥದ್ದು ಕೊಳ್ಳುವುದಾದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿ. ನಾನು ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು.