ಮಂಡಿ ಲಿಗಮೆಂಟ್ ಆಪರೇಷನ್: ತೊಡೆಸಂದಿಯ ಬ್ಲಾಕಾ, ನಡುತೊಡೆಯ ಬ್ಲಾಕಾ?

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮನೆ ಮೂರನೇ ಮಹಡಿ. ಕಬಡ್ಡಿಯಲ್ಲಿ ತಮ್ಮನ ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟ್) ಹರಿದು ಆಪರೇಷನ್ ಅಂತಾದಾಗ ಅಮ್ಮ ಮೊದಲು ಕೇಳಿದ್ದು ಮೆಟ್ಟಿಲಿನ ಬಗ್ಗೆ. ನೋವಿನ ಬ್ಲಾಕ್, ಅಂದರೆ ನೋವು ತಡೆಯುವ ಇಂಜೆಕ್ಷನ್, ಆರಿಸುವಾಗಲೂ ಅದೇ ದೊಡ್ಡ ಪ್ರಶ್ನೆ.

ಫೆಮೋರಲ್, ಅಡಕ್ಟರ್ ಕೆನಾಲ್ ಅಂತ ಎರಡು ಬ್ಲಾಕ್. ಎರಡರಲ್ಲೂ ಅಲ್ಟ್ರಾಸೌಂಡ್ ನೋಡಿಕೊಂಡು ನರದ ಸುತ್ತ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಫೆಮೋರಲ್ ಬ್ಲಾಕ್ ಕೊಡುವುದು ತೊಡೆಸಂದಿಯಲ್ಲಿ. ಮಂಡಿಯ ಮುಂಭಾಗದ ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ತೊಡೆಯ ಮುಂದಿನ ಸ್ನಾಯುವಿನ ಬಲವೂ ಹೋಗುತ್ತದೆ. ಎದ್ದು ನಿಂತರೆ ಮಂಡಿ ಕುಸಿಯಬಹುದು. ಬಾತ್‌ರೂಮಿಗೆ ಹೋಗುವಾಗ ಬಿದ್ದರೆ ಹೊಸ ಲಿಗಮೆಂಟಿನ ಗತಿ ಏನು?

ಅಡಕ್ಟರ್ ಕೆನಾಲ್ ಬ್ಲಾಕ್ ಇನ್ನೂ ಕೆಳಗೆ, ತೊಡೆಯ ಮಧ್ಯದಲ್ಲಿ. ಅಲ್ಲಿ ಸ್ಪರ್ಶದ ನರಗಳೇ ಜಾಸ್ತಿ, ಹಾಗಾಗಿ ಸ್ನಾಯುವಿನ ಬಲ ಬಹುಪಾಲು ಉಳಿಯುತ್ತದೆ. ನೋವು ಇಳಿಸುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನಾನಾದರೆ ಇದನ್ನೇ ಕೇಳುತ್ತೇನೆ. ಆದರೂ ಊರುಗೋಲು, ಪಕ್ಕದಲ್ಲಿ ಒಬ್ಬರು ಬೇಕೇ ಬೇಕು.

ಗ್ರಾಫ್ಟನ್ನು (ಹೊಸ ಲಿಗಮೆಂಟ್ ಮಾಡಲು ಬಳಸುವ ತುಂಡು) ಹ್ಯಾಮ್‌ಸ್ಟ್ರಿಂಗ್‌ನಿಂದ, ಅಂದರೆ ತೊಡೆಯ ಹಿಂದಿನ ಸ್ನಾಯುವಿನ ಕಡೆಯಿಂದ ತೆಗೆಯುತ್ತಾರಾ? ಹಾಗಿದ್ದರೆ ತೊಡೆಯ ಹಿಂಭಾಗದ ನೋವಿಗೆ ಈ ಎರಡೂ ಸಾಲವು. ಅದಕ್ಕೇನು ಮಾಡುತ್ತೀರಿ ಅಂತ ಅನಸ್ತೇಶಿಯಾ ಡಾಕ್ಟರನ್ನು ಮೊದಲೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಒಂದೇ ಇಂಜೆಕ್ಷನ್ ಆದರೆ ಪರಿಣಾಮ ಸಾಮಾನ್ಯವಾಗಿ 12ರಿಂದ 24 ಗಂಟೆ. ಅದು ಇಳಿಯುವಾಗ ನೋವು ಒಮ್ಮೆಲೇ ನುಗ್ಗಿ ಬರಬಹುದು. ತಮ್ಮ ‘ನೋವೇ ಇಲ್ವಲ್ಲಾ’ ಅಂತ ಮಾತ್ರೆ ಮುಟ್ಟದೆ ಮಲಗಿದ. ರಾತ್ರಿ 2ಕ್ಕೆ ಅಮ್ಮನ ಕೈ ಹಿಡಿದು ಅಳುತ್ತಿದ್ದ. ಕಾಲಿಗೆ ಸ್ಪರ್ಶ ಮರಳುವ ಮುಂಚೆಯೇ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಶುರುಮಾಡಿ.