ಮಠದಲ್ಲಿ ಇರೋದಾ, ರೂಮ್ ಮಾಡೋದಾ?

ನಮ್ಮ ಚಿಕ್ಕಪ್ಪನ ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ. "ಅಣ್ಣ, ಪಿಯುಸಿಗೆ ತುಮಕೂರಿನ ಸಿದ್ಧಗಂಗಾ ಮಠಕ್ಕೆ ಅರ್ಜಿ ಹಾಕ್ಲಾ, ಇಲ್ಲಾ ಅಲ್ಲೇ ಹತ್ತಿರ ಕ್ಯಾತ್ಸಂದ್ರದಲ್ಲಿ ರೂಮ್ ಮಾಡ್ಲಾ?" ಅಂತ ಕೇಳಿದ. ನಾನು ಎರಡೂ ಕಂಡವನು. ಪಿಯುಸಿ ಎರಡು ವರ್ಷ ಮಠದಲ್ಲಿದ್ದೆ, ಡಿಗ್ರಿ ಮೂರು ವರ್ಷ ರೂಮಿನಲ್ಲಿ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಮಠದಲ್ಲಿ ಊಟಕ್ಕೂ ವಸತಿಗೂ ಕಾಸಿಲ್ಲ, ಜಾತಿ ಧರ್ಮ ಕೇಳುವುದೂ ಇಲ್ಲ. ರೂಮಿಗೆ ಬಾಡಿಗೆ 4,500. ಮೂವರು ಹಂಚಿಕೊಳ್ಳುತ್ತಿದ್ದೆವು. ಗ್ಯಾಸು, ರೇಷನ್ನು ಬೇರೆ. ತಿಂಗಳ ಮೊದಲ ವಾರ ದಿನಾ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಕೊನೆ ವಾರ ಅನ್ನ ಉಪ್ಪಿನಕಾಯಿ.

ಮಠದ ಊಟಾನೇ ಬೇರೆ. ಸಾವಿರಾರು ಹುಡುಗರು ಸಾಲಾಗಿ ಕೂತಿರುತ್ತೇವೆ. ತಟ್ಟೆಗೆ ಬಿಸಿ ಮುದ್ದೆ ಬೀಳುತ್ತದೆ, ಅದರ ಪಕ್ಕಕ್ಕೆ ಸಾರು. ಮುದ್ದೆ ಮುರಿದರೆ ಒಳಗಿಂದ ಹಬೆ ಬಂದು ಬೆರಳು ಸುಡುತ್ತದೆ. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ, ಮಠದ ಹಿರಿಯ ಗುರು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ದಿನವೂ ಮಕ್ಕಳ ಊಟ ಆಗಲಿ ಅನ್ನುವುದೇ ಅವರ ಆಸೆಯಾಗಿತ್ತು ಅಂತ ಹಿರಿಯರು ಹೇಳುತ್ತಿದ್ದರು. ಅದನ್ನು ಕೇಳಿದ ಮೇಲೆ ನಾನು ತಟ್ಟೆಯಲ್ಲಿ ಒಂದಗುಳೂ ಬಿಟ್ಟಿಲ್ಲ.

ನನಗೆ ಕಷ್ಟ ಆಗಿದ್ದು ಪ್ರಾರ್ಥನೆ. ಬೆಳಗ್ಗೆ ಕತ್ತಲಿರುವಾಗಲೇ ಏಳಬೇಕು. ಮೊದಲ ತಿಂಗಳು ಕೂತಲ್ಲೇ ತೂಕಡಿಸುತ್ತಿದ್ದೆ. ಹಣೆಗೆ ಬಳಿದ ವಿಭೂತಿ ಒಣಗುತ್ತಾ ಚರ್ಮ ಬಿಗಿಯುವುದು, ಪಕ್ಕದ ಪುಟ್ಟ ಹುಡುಗ ನನ್ನ ಭುಜಕ್ಕೆ ಒರಗುವುದು, ಇವೆಲ್ಲ ಈಗಲೂ ಹಾಗೇ ನೆನಪಿವೆ. ಸಂಜೆಯದು ಮಾತ್ರ ಬಹಳ ಇಷ್ಟವಾಯಿತು. ಬೆಟ್ಟದ ಕೆಳಗೆ ಅಷ್ಟು ಮಕ್ಕಳು ಒಟ್ಟಿಗೆ ದನಿ ಎತ್ತಿದಾಗ ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ಸುಮ್ನೆ ಕೂತು ಕೂತೇ ಎಷ್ಟೋ ವಚನ ಬಾಯಿಪಾಠವಾದವು.

ರೂಮಿನಲ್ಲಿ ಇದ್ಯಾವುದೂ ಇಲ್ಲ. ಹೊತ್ತು ಪೂರ್ತಿ ನಮ್ಮದೇ. ಆದರೂ ನಾನು ಜಾಸ್ತಿ ಓದಿದ್ದು ಮಠದಲ್ಲೇ. ಅಲ್ಲಿ ಪ್ರಾರ್ಥನೆ ಮುಗಿದರೆ ಓದು, ಓದು ಮುಗಿದರೆ ನಿದ್ದೆ. ರೂಮಿನಲ್ಲಿ ಓದಲು ಕೂರುವುದೇ ಹತ್ತಕ್ಕೆ, ಅದೂ ಫೋನ್ ಹಿಡಿದುಕೊಂಡು. ಒಮ್ಮೆ ಜೊತೆಯವರಿಬ್ಬರೂ ಊರಿಗೆ ಹೋಗಿದ್ದಾಗ ಜ್ವರ ಬಂತು. ಎರಡು ದಿನ ಒಬ್ಬನೇ ಮಲಗಿದ್ದೆ, ಗಂಜಿ ಕಾಯಿಸಿ ಕೊಡುವವರಿರಲಿಲ್ಲ. ಮಠದಲ್ಲಿ ಕೆಮ್ಮಿದರೂ ನಾಲ್ಕು ಜನ ತಿರುಗಿ ನೋಡುತ್ತಿದ್ದರು.

ಆದರೆ ಡಿಗ್ರಿ ಕೊನೆ ವರ್ಷ ರೂಮೇ ಒಳ್ಳೆಯದಾಯಿತು. ರಾತ್ರಿ ಎರಡರವರೆಗೆ ದೀಪ ಉರಿಸಿಕೊಂಡು ಪ್ರಾಜೆಕ್ಟ್ ಬರೆದೆ, ಸಂಜೆ ಟ್ಯೂಷನ್ ಹೇಳಿ ಕೈಖರ್ಚಿಗೂ ದುಡಿದೆ. ಆ ವಯಸ್ಸಿಗೆ ಅದೂ ಬೇಕು ಅಲ್ವಾ?

ಹದಿನಾರರ ಹುಡುಗನಿಗೆ ಮಾತ್ರ ಮಠವೇ ಸರಿ. ಅರ್ಜಿ ಹಾಕು ಅಂದೆ. ಚಾಪೆ, ತಟ್ಟೆ, ಲೋಟ ಹೊಂದಿಸಿಕೊ, ಟ್ರಂಕ್ ಕೊಳ್ಳಬೇಡ, ನನ್ನದೇ ಅಟ್ಟದ ಮೇಲಿದೆ, ಬೀಗದ ಸಮೇತ ಕೊಡ್ತೀನಿ ಅಂತಲೂ ಹೇಳಿದ್ದೇನೆ.